ಪಿತ್ತನಾಳ ಬೇರೆ ಥರ ಇದೆ ಅಂದರೆ ಆಪರೇಷನ್‌ಗೆ ಹೆದರಬೇಕಾ?

ಪ್ರಶ್ನೆ: ನಾವು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನವರು. ನಮ್ಮವ್ವನಿಗೆ 52 ವರ್ಷ. ಮೂರು ತಿಂಗಳಲ್ಲಿ ಎರಡು ಸಲ ರಾತ್ರಿ ಊಟದ ಮೇಲೆ ಬಲಪಕ್ಕೆಯ ಕೆಳಗೆ ಜೋರು ನೋವು ಬಂತು. ನೋವು ಬೆನ್ನಿಗೂ ಹೋಗಿ ವಾಂತಿ ಆಯಿತು. ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲು ಕಂಡವು. ರಕ್ತಪರೀಕ್ಷೆಯಲ್ಲಿ ಲಿವರ್‌ನದು ಸ್ವಲ್ಪ ಜಾಸ್ತಿ ಬಂದಿದೆ ಎಂದು ಕಲಬುರಗಿಯ ಡಾಕ್ಟರ್ ಎಂಆರ್‌ಸಿಪಿ (ಪಿತ್ತನಾಳಗಳ ಎಂಆರ್‌ಐ ಸ್ಕ್ಯಾನ್) ಬರೆದುಕೊಟ್ಟರು. ದೊಡ್ಡ ನಾಳದಲ್ಲಿ ಕಲ್ಲಿಲ್ಲ ಎಂದು ರಿಪೋರ್ಟ್ ಬಂತು. ಆದರೆ ಅದರಲ್ಲೇ ‘ಸಿಸ್ಟಿಕ್ ಡಕ್ಟ್ ಲೋ ಮೀಡಿಯಲ್ ಇನ್ಸರ್ಷನ್’, ‘ಅಬೆರಂಟ್ ರೈಟ್ ಪೋಸ್ಟೀರಿಯರ್ ಸೆಕ್ಟೋರಲ್ ಡಕ್ಟ್’ ಅಂತ ಬರೆದಿದ್ದಾರೆ. ಊರಲ್ಲಿ ಒಬ್ಬರು, ‘ನಾಳ ಕಟ್ ಆದರೆ ಜೀವಕ್ಕೇ ಅಪಾಯ, ಹೈದರಾಬಾದಿಗೇ ಹೋಗ್ರಿ’ ಅಂದರು. ಇದು ಕಾಯಿಲೆಯಾ? ನಮಗೂ ಬರುತ್ತದಾ? ಹತ್ತಿ ಬಿಡಿಸೋದು ಮುಗಿಯುವ ತನಕ ಕಾಯಬಹುದಾ?

ಉತ್ತರ: ರಿಪೋರ್ಟ್‌ನ ಆ ಎರಡು ಸಾಲು ಕಾಯಿಲೆಯ ಹೆಸರಲ್ಲ. ನಿಮ್ಮ ಅವ್ವ ಹುಟ್ಟಿದಾಗಿನಿಂದ ಆ ನಾಳಗಳು ಹಾಗೇ ಇವೆ. ಇಷ್ಟು ವರ್ಷವೂ ಪಿತ್ತರಸವನ್ನು ಸುಸೂತ್ರವಾಗಿ ಕರುಳಿಗೆ ಮುಟ್ಟಿಸಿವೆ. ಈಗ ನೋವು ಕೊಡುತ್ತಿರುವುದು ಕಲ್ಲು. ನಾಳದ ದಾರಿ ಬೇರೆ ಇದೆ ಎಂಬುದಕ್ಕೆ ಔಷಧವೂ ಬೇಡ, ಆಪರೇಷನ್ನೂ ಬೇಡ. ಆದರೆ ಕಲ್ಲಿಗಾಗಿ ಪಿತ್ತಕೋಶ ತೆಗೆಯುವ ಸರ್ಜನ್‌ಗೆ ಆ ಎರಡು ಸಾಲು ಬಹಳ ಬೆಲೆಯುಳ್ಳವು. ಒಳಗೆ ದಾರಿ ಹೀಗಿದೆ ಎಂದು ಗೊತ್ತಿಲ್ಲದೆ ಕತ್ತರಿ ಹಾಕಿದಾಗಲೇ ತೊಂದರೆ ಆಗೋದು. ನಿಮಗೆ ಆಪರೇಷನ್‌ಗೆ ಮೊದಲೇ ಗೊತ್ತಾಗಿದೆ. ಇದು ಒಳ್ಳೆಯದೇ ಆಯಿತು.

ಪಿತ್ತನಾಳಗಳು ಸಾಮಾನ್ಯವಾಗಿ ಹೇಗಿರುತ್ತವೆ ಎಂದು ಮೊದಲು ಹೇಳುತ್ತೇನೆ. ಲಿವರ್ ದಿನಕ್ಕೆ ಅರ್ಧ ಲೀಟರ್‌ನಿಂದ ಒಂದು ಲೀಟರ್‌ವರೆಗೆ ಪಿತ್ತರಸ ತಯಾರಿಸುತ್ತದೆ. ಲಿವರ್‌ನ ಬಲಭಾಗದಿಂದ ಒಂದು ನಾಳ, ಎಡಭಾಗದಿಂದ ಒಂದು ನಾಳ ಹೊರಗೆ ಬಂದು ಸೇರುತ್ತವೆ. ಅದು ಕಾಮನ್ ಹೆಪಾಟಿಕ್ ಡಕ್ಟ್. ಪಿತ್ತಕೋಶ ಲಿವರ್‌ನ ಅಡಿಯಲ್ಲಿ ಅಂಟಿಕೊಂಡಿರುವ ಸಣ್ಣ ಚೀಲ. ಅದರಲ್ಲಿ 30ರಿಂದ 50 ಮಿಲಿಲೀಟರ್ ಹಿಡಿಯುತ್ತದೆ. ಪಿತ್ತಕೋಶದಿಂದ ಹೊರಡುವ ನಾಳವೇ ಸಿಸ್ಟಿಕ್ ಡಕ್ಟ್. ಸಾಮಾನ್ಯವಾಗಿ 2ರಿಂದ 4 ಸೆಂಟಿಮೀಟರ್ ಉದ್ದ ಇರುತ್ತದೆ. ಇದು ಬಲಗಡೆಯಿಂದ ಬಂದು ಹೆಪಾಟಿಕ್ ಡಕ್ಟ್‌ಗೆ ಸೇರುತ್ತದೆ. ಸೇರಿದ ಜಾಗದಿಂದ ಕೆಳಗೆ ಅದೇ ನಾಳ ಕಾಮನ್ ಬೈಲ್ ಡಕ್ಟ್ ಆಗಿ, ಮೇದೋಜೀರಕದ ಹಿಂದೆ ಹಾದು ಸಣ್ಣ ಕರುಳಿನ ಮೊದಲ ಭಾಗಕ್ಕೆ ತೆರೆದುಕೊಳ್ಳುತ್ತದೆ.

ಇದು ಪುಸ್ತಕದ ಚಿತ್ರ. ಬಲಭಾಗದ ನಾಳಗಳು ಪುಸ್ತಕದಲ್ಲಿರುವಂತೆ ಕೂಡುವುದು ನೂರರಲ್ಲಿ ಸುಮಾರು 60 ಜನರಲ್ಲಿ ಮಾತ್ರ. ಉಳಿದವರೆಲ್ಲ ರೋಗಿಗಳಲ್ಲ ಅಲ್ವಾ? ಗರ್ಭದ ನಾಲ್ಕನೇ ವಾರದ ಹೊತ್ತಿಗೆ ಮಗುವಿನ ಮುಂಗರುಳಿನಿಂದ ಒಂದು ಚಿಕ್ಕ ಮೊಳಕೆ ಹೊರಡುತ್ತದೆ. ಲಿವರ್, ಪಿತ್ತಕೋಶ, ನಾಳಗಳು ಎಲ್ಲವೂ ಅದರಿಂದಲೇ ಬೆಳೆಯುತ್ತವೆ. ಆ ಬೆಳವಣಿಗೆಯಲ್ಲಿ ಯಾವ ಕವಲು ಎಲ್ಲಿ ಕೂಡಬೇಕೆಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ ಆಗುತ್ತದೆ. ತಾಯಿ ಏನು ತಿಂದಳು, ಖಾರ ಎಷ್ಟು ತಿಂದಳು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅವ್ವನಿಗೆ ಇದೆ ಎಂಬ ಒಂದೇ ಕಾರಣಕ್ಕೆ ಮಕ್ಕಳೆಲ್ಲ ಸಾಲಾಗಿ ಸ್ಕ್ಯಾನಿಂಗ್‌ಗೆ ನಿಲ್ಲಬೇಕಾಗಿಲ್ಲ. ನಿಮಗೆ ಇದ್ದರೂ ಅದರಿಂದ ತೊಂದರೆ ಇಲ್ಲ. ಯಾವತ್ತಾದರೂ ನಿಮಗೂ ಪಿತ್ತಕೋಶದ ಆಪರೇಷನ್ ಬಂದರೆ ಆಗ ನೋಡಿದರಾಯಿತು.

ಈಗ ನಿಮ್ಮ ರಿಪೋರ್ಟ್‌ಗೆ ಬರೋಣ.

ಮೊದಲನೇ ಸಾಲು, ‘ಲೋ ಮೀಡಿಯಲ್ ಇನ್ಸರ್ಷನ್’. ಸಿಸ್ಟಿಕ್ ಡಕ್ಟ್ ಬಲಗಡೆಯಿಂದ ಬೇಗ ಸೇರುವ ಬದಲು ಹೆಪಾಟಿಕ್ ಡಕ್ಟ್‌ನ ಪಕ್ಕದಲ್ಲೇ ಕೆಳಗೆ ಇಳಿದು, ಅದರ ಹಿಂದಿನಿಂದಲೋ ಮುಂದಿನಿಂದಲೋ ಸುತ್ತಿ ಎಡಬದಿಯಲ್ಲಿ ಕೂಡಿದೆ ಎಂದರ್ಥ. ಕೆಳಗೆ ಕೂಡುವುದು ನೂರರಲ್ಲಿ ಸುಮಾರು 10 ಜನರಲ್ಲಿ ಇರುತ್ತದೆ. ಅಂದರೆ ಅಪರೂಪವೇನಲ್ಲ. ಇಲ್ಲಿ ಕಷ್ಟ ಏನೆಂದರೆ, ಎರಡು ನಾಳಗಳು ಸ್ವಲ್ಪ ದೂರ ಒಂದೇ ಪೊರೆಯೊಳಗೆ ಜೊತೆಯಾಗಿ ಇಳಿಯುತ್ತವೆ. ಸಿಸ್ಟಿಕ್ ಡಕ್ಟ್ ಕೂಡುವ ಜಾಗದ ತನಕ ಬಿಡಿಸಲೇಬೇಕು ಎಂದು ಸರ್ಜನ್ ಹಟ ಹಿಡಿದರೆ ಪಕ್ಕದ ದೊಡ್ಡ ನಾಳದ ಗೋಡೆಗೆ ಏಟಾಗಬಹುದು. ಅದರ ರಕ್ತನಾಳಗಳು ಹಾಳಾಗಬಹುದು. ತೀರ ಕೆಳಗೆ ಕ್ಲಿಪ್ ಹಾಕಿದರೆ ದೊಡ್ಡ ನಾಳವೇ ಬಿಗಿಯಬಹುದು. ಹಾಗಾಗಿ ಇಂಥವರಲ್ಲಿ ಪಿತ್ತಕೋಶದ ಹತ್ತಿರವೇ, ಸಿಸ್ಟಿಕ್ ಡಕ್ಟ್ ಸ್ಪಷ್ಟವಾಗಿ ಕಾಣುವ ಕಡೆ, ಕ್ಲಿಪ್ ಹಾಕಿ ಕತ್ತರಿಸುವುದು ಸರಿಯಾದ ಕೆಲಸ. ಒಳಗೆ ನಾಳದ ತುಂಡು ಸ್ವಲ್ಪ ಉದ್ದವಾಗಿ ಉಳಿಯುತ್ತದೆ. ಉಳಿದ ತುಂಡಿನಲ್ಲಿ ಕಲ್ಲು ಸಿಕ್ಕಿಕೊಂಡು ಮುಂದೆ ನೋವು ಬರುವುದುಂಟು. ಆದರೆ ಅದು ಕಡಿಮೆ. ಕತ್ತರಿಸುವ ಮುಂಚೆ ನಾಳದೊಳಗಿನ ಕಲ್ಲನ್ನು ಮೆಲ್ಲಗೆ ಪಿತ್ತಕೋಶದ ಕಡೆಗೆ ಹಿಂದೆ ತಳ್ಳಿಕೊಂಡರೆ ಇನ್ನೂ ಕಡಿಮೆ. ದೊಡ್ಡ ನಾಳ ಹಾಳಾಗುವುದಕ್ಕಿಂತ ಉದ್ದ ತುಂಡು ಉಳಿಯುವುದು ಸಾವಿರ ಪಾಲು ಮೇಲು.

ಎರಡನೇ ಸಾಲು ಇದಕ್ಕಿಂತ ಜಾಸ್ತಿ ಗಮನ ಕೊಡಬೇಕಾದದ್ದು. ಲಿವರ್‌ನ ಬಲಭಾಗದಲ್ಲೇ ಮುಂದಿನ ಪಾಲು, ಹಿಂದಿನ ಪಾಲು ಎಂದು ಎರಡಿವೆ. ಎರಡರ ನಾಳಗಳೂ ಲಿವರ್ ಹತ್ತಿರವೇ ಕೂಡಿ ಒಂದು ಬಲನಾಳ ಆಗಬೇಕು. ನೂರಕ್ಕೆ 10ರಿಂದ 15 ಜನರಲ್ಲಿ ಹಿಂದಿನ ಪಾಲಿನ ನಾಳ ಅಡ್ಡ ಹೋಗಿ ಎಡನಾಳಕ್ಕೆ ಕೂಡುತ್ತದೆ. ಅದು ಮೇಲಿರುವುದರಿಂದ ಪಿತ್ತಕೋಶದ ಆಪರೇಷನ್‌ಗೆ ಅಷ್ಟು ತೊಡಕಲ್ಲ. ಇನ್ನು ಕೆಲವರಲ್ಲಿ ಆ ನಾಳ ಒಂಟಿಯಾಗಿ ಕೆಳಗಿಳಿದು, ಪಿತ್ತಕೋಶದ ಕುತ್ತಿಗೆಯ ಪಕ್ಕದಲ್ಲೇ ಹಾದು ಹೆಪಾಟಿಕ್ ಡಕ್ಟ್‌ಗೆ ಕೂಡುತ್ತದೆ. ಬಹಳ ಕಡಿಮೆ ಜನರಲ್ಲಿ ಸಿಸ್ಟಿಕ್ ಡಕ್ಟೇ ಹೋಗಿ ಈ ನಾಳಕ್ಕೆ ಸೇರಿರುತ್ತದೆ. ನಿಮ್ಮವ್ವನದು ಇವುಗಳಲ್ಲಿ ಯಾವ ಥರ ಎಂದು ರಿಪೋರ್ಟ್‌ನ ಆ ಒಂದು ಸಾಲಿನಿಂದ ತಿಳಿಯುವುದಿಲ್ಲ. ಅದಕ್ಕೇ ಸರ್ಜನ್ ಬರೀ ರಿಪೋರ್ಟ್ ಓದದೆ ಎಂಆರ್‌ಸಿಪಿ ಚಿತ್ರಗಳನ್ನೇ ನೋಡಬೇಕು. ಸ್ಕ್ಯಾನಿಂಗ್ ಸೆಂಟರ್‌ನಿಂದ ಸಿಡಿ ಅಥವಾ ಫಿಲ್ಮ್ ತಪ್ಪದೆ ತೆಗೆದುಕೊಂಡು ಹೋಗಿ.

ಈ ನಾಳಕ್ಕೆ ಏಟು ಬಿದ್ದರೆ ಏನಾಗುತ್ತದೆ? ನಿಮ್ಮ ಕಡೆ ಕಾಲುವೆ ನೀರು ನೋಡಿದವರಿಗೆ ಬೇಗ ತಿಳಿಯುತ್ತದೆ. ಒಂದೇ ಹೊಲಕ್ಕೆ ಹೋಗುವ ಸಣ್ಣ ಕಾಲುವೆ ಎಂದುಕೊಂಡು ಹತ್ತಾರು ಹೊಲಗಳ ನೀರು ಹರಿಯುವ ಕಾಲುವೆಯನ್ನು ಮುಚ್ಚಿದ ಹಾಗೆ. ಸಿಸ್ಟಿಕ್ ಡಕ್ಟ್ ಎಂದು ತಿಳಿದು ಈ ನಾಳಕ್ಕೆ ಕ್ಲಿಪ್ ಹಾಕಿದರೆ ಲಿವರ್‌ನ ಒಂದು ಪಾಲಿನ ಪಿತ್ತರಸಕ್ಕೆ ಹೊರದಾರಿ ಇರುವುದಿಲ್ಲ. ಉಳಿದ ಲಿವರ್ ಚೆನ್ನಾಗಿ ಕೆಲಸ ಮಾಡುತ್ತಿರುವುದರಿಂದ ಕಣ್ಣು ಹಳದಿ ಆಗದೆಯೂ ಇರಬಹುದು. ಕೆಲವರಲ್ಲಿ ಆ ಪಾಲು ಸದ್ದಿಲ್ಲದೆ ಕುಗ್ಗಿಹೋಗುತ್ತದೆ. ಕೆಲವರಿಗೆ ತಿಂಗಳುಗಳ ಮೇಲೆ ಚಳಿಜ್ವರ ಮತ್ತೆ ಮತ್ತೆ ಬರುತ್ತದೆ. ಕ್ಲಿಪ್ ಹಾಕದೆ ಕತ್ತರಿಸಿಬಿಟ್ಟರೆ ಪಿತ್ತರಸ ಹೊಟ್ಟೆಯೊಳಗೆ ಸೋರುತ್ತದೆ.

ಈ ಸೋರಿಕೆಯ ವಿಷಯದಲ್ಲಿ ಒಂದು ಮೋಸ ಇದೆ. ಆಪರೇಷನ್ ನಂತರ ಸೋರಿಕೆ ಅನುಮಾನ ಬಂದರೆ ಸಾಮಾನ್ಯವಾಗಿ ಇಆರ್‌ಸಿಪಿ ಮಾಡುತ್ತಾರೆ. ಬಾಯಿಂದ ದುರ್ಬೀನು ಇಳಿಸಿ, ಕರುಳಿನ ಕಡೆಯಿಂದ ನಾಳಕ್ಕೆ ಬಣ್ಣದ ಔಷಧ ಬಿಟ್ಟು ಎಕ್ಸ್‌ರೇ ನೋಡುವ ಪರೀಕ್ಷೆ ಅದು. ಆದರೆ ಕತ್ತರಿಸಿಹೋದ ಆ ಬಲ ಹಿಂಭಾಗದ ನಾಳ ಈಗ ದೊಡ್ಡ ನಾಳದಿಂದ ಬೇರೆಯಾಗಿರುತ್ತದೆ. ಬಣ್ಣ ಅದರೊಳಗೆ ಹೋಗುವುದೇ ಇಲ್ಲ. ಚಿತ್ರದಲ್ಲಿ ಎಲ್ಲ ಸರಿಯಾಗಿದೆ ಅನಿಸುತ್ತದೆ, ಹೊಟ್ಟೆಯೊಳಗಿನ ದ್ರವ ಹೊರಬರಲು ಇಟ್ಟ ಡ್ರೇನ್ ಪೈಪಿನಲ್ಲಿ ಮಾತ್ರ ಪಿತ್ತರಸ ಬರುತ್ತಲೇ ಇರುತ್ತದೆ. ಆಗ ಚಿತ್ರದಲ್ಲಿ ಬಲಗಡೆಯ ಹಿಂದಿನ ಪಾಲಿನ ನಾಳ ಕಾಣುತ್ತಿದೆಯೇ ಎಂದು ಹುಡುಕಬೇಕು, ಎಂಆರ್‌ಸಿಪಿ ಮತ್ತೆ ಮಾಡಬೇಕು. ಆಪರೇಷನ್‌ಗೆ ಮುಂಚಿನ ನಿಮ್ಮ ಚಿತ್ರಗಳು ಆಗಲೂ ಕೆಲಸಕ್ಕೆ ಬರುತ್ತವೆ.

ರಿಪೋರ್ಟ್‌ನಲ್ಲಿ ಬರೆಯದೇ ಇರುವ ನಾಳಗಳೂ ಇರುತ್ತವೆ. ಪಿತ್ತಕೋಶ ಲಿವರ್‌ಗೆ ಅಂಟಿದ ಜಾಗದಲ್ಲಿ ಒಂದೆರಡು ಮಿಲಿಮೀಟರ್ ದಪ್ಪದ ಸಣ್ಣ ನಾಳಗಳು ಹಾದುಹೋಗಿರಬಹುದು. ಜರ್ಮನಿಯ ಶರೀರಶಾಸ್ತ್ರಜ್ಞ ಹ್ಯೂಬರ್ಟ್ ಫಾನ್ ಲುಷ್ಕಾ 1863ರಲ್ಲಿ ಇವನ್ನು ವಿವರಿಸಿದ್ದರಿಂದ ಲುಷ್ಕಾ ನಾಳ ಎಂದೇ ಕರೆಯುತ್ತೇವೆ. ಎಂಆರ್‌ಸಿಪಿಯಲ್ಲಿ ಇವು ಬಹಳ ಸಲ ಕಾಣುವುದಿಲ್ಲ. ಪಿತ್ತಕೋಶವನ್ನು ಲಿವರ್‌ನಿಂದ ಬಿಡಿಸುವಾಗ ಸ್ವಲ್ಪ ಆಳಕ್ಕೆ ಹೋದರೆ ಕತ್ತರಿಸಿಹೋಗಿ ಪಿತ್ತರಸ ಜಿನುಗುತ್ತದೆ. ಹೆಚ್ಚಿನವರಲ್ಲಿ ಇದು ಡ್ರೇನ್ ಇಟ್ಟು, ಬೇಕಾದರೆ ಇಆರ್‌ಸಿಪಿಯಲ್ಲಿ ಸ್ಟೆಂಟ್ (ನಾಳದೊಳಗೆ ಇಡುವ ಸಣ್ಣ ಕೊಳವೆ) ಹಾಕಿದರೆ ವಾಸಿಯಾಗುತ್ತದೆ. ರಕ್ತನಾಳಗಳೂ ಹೀಗೇ. ಲಿವರ್‌ನ ಬಲ ಅಪಧಮನಿ ಕೆಲವರಲ್ಲಿ ಬಾಗಿ ಪಿತ್ತಕೋಶದ ಹತ್ತಿರಕ್ಕೇ ಬಂದಿರುತ್ತದೆ. ಪಿತ್ತಕೋಶದ ಸ್ವಂತ ಅಪಧಮನಿ ಕೆಲವರಲ್ಲಿ ಎರಡಿರುತ್ತವೆ.

ಹಾಗಾದರೆ ಮುಂಚಿತವಾಗಿ ಎಲ್ಲವೂ ಸ್ಕ್ಯಾನ್‌ನಲ್ಲಿ ಕಾಣದಿದ್ದ ಮೇಲೆ ಸರ್ಜನ್ ಯಾವುದನ್ನು ನಂಬಬೇಕು? ಕೆಲಸ ಮಾಡುವ ಕ್ರಮವನ್ನು. ಪಿತ್ತಕೋಶವನ್ನು ಮೊದಲ ಬಾರಿ ಆಪರೇಷನ್ ಮಾಡಿ ತೆಗೆದದ್ದು 1882ರಲ್ಲಿ, ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಖ್. ಲ್ಯಾಪರೊಸ್ಕೋಪಿಯಿಂದ ಮೊದಲು ತೆಗೆದದ್ದು 1985ರಲ್ಲಿ, ಜರ್ಮನಿಯವರೇ ಆದ ಎರಿಕ್ ಮ್ಯೂಹೆ. ಸಣ್ಣ ರಂಧ್ರಗಳ ಈ ವಿಧಾನ ಎಲ್ಲ ಕಡೆ ಹಬ್ಬುತ್ತಿದ್ದಂತೆ ದೊಡ್ಡ ಪಿತ್ತನಾಳಕ್ಕೆ ಏಟಾಗುವುದೂ ಜಾಸ್ತಿಯಾಯಿತು. ಇವತ್ತಿಗೂ ಲ್ಯಾಪರೊಸ್ಕೋಪಿಯಲ್ಲಿ ಸಾವಿರಕ್ಕೆ ಸುಮಾರು 3ರಿಂದ 5 ಜನರಲ್ಲಿ ಹೀಗಾಗುತ್ತದೆ ಎಂಬುದು ಒಪ್ಪಿತ ಲೆಕ್ಕ. ಬಹಳಷ್ಟು ಸಲ ಕೈ ತಪ್ಪಿದ್ದರಿಂದ ಅಲ್ಲ, ಕಣ್ಣು ತಪ್ಪಿದ್ದರಿಂದ ಆಗುವ ಏಟು ಇದು. ಪಿತ್ತಕೋಶವನ್ನು ಬರೀ ಮೇಲಕ್ಕೆ ಜೋರಾಗಿ ಎಳೆದಾಗ ಸಿಸ್ಟಿಕ್ ಡಕ್ಟ್ ಮತ್ತು ದೊಡ್ಡ ನಾಳ ಒಂದೇ ಗೆರೆಯಲ್ಲಿ ಬಂದುಬಿಡುತ್ತವೆ. ದೊಡ್ಡ ನಾಳವೇ ಸಿಸ್ಟಿಕ್ ಡಕ್ಟ್ ಎಂದು ಕಾಣುತ್ತದೆ. ಒಮ್ಮೆ ಹಾಗೆ ಕಂಡ ಮೇಲೆ ಮನಸ್ಸು ಅದನ್ನೇ ನಂಬುತ್ತದೆ.

1995ರಲ್ಲಿ ಅಮೆರಿಕದ ಸರ್ಜನ್ ಸ್ಟೀವನ್ ಸ್ಟ್ರಾಸ್‌ಬರ್ಗ್ ಇದಕ್ಕೊಂದು ಕಟ್ಟುನಿಟ್ಟು ಹೇಳಿದರು. ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ ಎಂಬುದು ಅದರ ಹೆಸರು. ಪಿತ್ತಕೋಶದ ಕುತ್ತಿಗೆ, ಹೆಪಾಟಿಕ್ ಡಕ್ಟ್, ಲಿವರ್‌ನ ಅಂಚು ಇವುಗಳ ನಡುವಿನ ತ್ರಿಕೋನದಲ್ಲಿರುವ ಕೊಬ್ಬು, ಪೊರೆ ಎಲ್ಲವನ್ನೂ ಬಿಡಿಸಬೇಕು. ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗವನ್ನು ಲಿವರ್‌ನಿಂದ ಬೇರೆ ಮಾಡಬೇಕು. ಆಗ ಪಿತ್ತಕೋಶಕ್ಕೆ ಎರಡೇ ಎರಡು ಹೋಗುತ್ತಿರುವುದು ಕಣ್ಣಿಗೆ ಕಾಣಬೇಕು: ಒಂದು ನಾಳ, ಒಂದು ಅಪಧಮನಿ. ಮುಂದಿನಿಂದಲೂ ಹಿಂದಿನಿಂದಲೂ ನೋಡಿ ಖಾತ್ರಿಯಾಗುವ ತನಕ ಯಾವುದಕ್ಕೂ ಕ್ಲಿಪ್ ಹಾಕಬಾರದು, ಯಾವುದನ್ನೂ ಕತ್ತರಿಸಬಾರದು. ನಾನು ಕಿರಿಯರಿಗೆ ಹೇಳುವುದೂ ಇದನ್ನೇ. ನಿಮ್ಮವ್ವನಂಥವರಲ್ಲಿ ಮೂರನೆಯದೊಂದು ನಾಳ ಪಕ್ಕದಲ್ಲೇ ಕಂಡರೆ ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ತಿಳಿಯುವ ತನಕ ಅದನ್ನು ಮುಟ್ಟಬಾರದು. ಅನುಮಾನ ಇದ್ದರೆ ಆಪರೇಷನ್ ಟೇಬಲ್ ಮೇಲೆಯೇ ನಾಳಕ್ಕೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆಯಬಹುದು. ಕೆಲವು ಆಸ್ಪತ್ರೆಗಳಲ್ಲಿ ರಕ್ತಕ್ಕೆ ಐಸಿಜಿ ಎಂಬ ಔಷಧ ಕೊಟ್ಟು ವಿಶೇಷ ಕ್ಯಾಮೆರಾದಲ್ಲಿ ನಾಳಗಳು ಹಸಿರಾಗಿ ಹೊಳೆಯುವುದನ್ನು ನೋಡುತ್ತಾರೆ.

ತ್ರಿಕೋನದ ಜಾಗ ಬಿಡಿಸಲು ಆಗದಷ್ಟು ಗಟ್ಟಿಯಾಗಿದ್ದರೆ? ಆಗ ನಿಲ್ಲಿಸುವುದೇ ಜಾಣತನ. ಪಿತ್ತಕೋಶದ ಬುಡವನ್ನು ಹಾಗೇ ಬಿಟ್ಟು, ಕಲ್ಲು ತೆಗೆದು, ಉಳಿದ ಭಾಗವನ್ನಷ್ಟೇ ತೆಗೆಯಬಹುದು. ಅನುಭವಿ ಸಹೋದ್ಯೋಗಿಯನ್ನು ಕರೆಸಬಹುದು. ಹೊಟ್ಟೆ ತೆರೆದು ಮಾಡಬಹುದು. ‘ರಂಧ್ರದಲ್ಲಿ ಮಾಡ್ತೀನಿ ಅಂದಿದ್ರು, ಹೊಟ್ಟೆ ಕೊಯ್ದುಬಿಟ್ರು’ ಎಂದು ಜನ ದೂರುವುದನ್ನು ಕೇಳಿದ್ದೇನೆ. ದಯವಿಟ್ಟು ಹಾಗೆ ಅನ್ನಬೇಡಿ. ಆ ಹೊತ್ತಿನಲ್ಲಿ ಅದು ಸೋಲಲ್ಲ. ನಿಮ್ಮವರ ಜೀವಮಾನದ ಆರೋಗ್ಯ ಕಾಯುವ ನಿರ್ಧಾರ.

ಈಗ ಹತ್ತಿಯ ಪ್ರಶ್ನೆ. ಇಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ತುಂಬಾ ಮುಂದೂಡಬೇಡಿ. ನಾಳದ ದಾರಿ ಬೇರೆ ಇರುವುದಕ್ಕಿಂತ ದೊಡ್ಡ ಶತ್ರು ಬಾವು. ಪ್ರತಿ ಸಲ ಪಿತ್ತಕೋಶ ಊದಿಕೊಂಡಾಗ ಆ ತ್ರಿಕೋನದ ಜಾಗ ಗಟ್ಟಿಯಾಗುತ್ತದೆ. ನಾಳಗಳು ಒಂದಕ್ಕೊಂದು ಅಂಟುತ್ತವೆ. ಇವತ್ತು ಸುಲಭವಾಗಿ ಕಾಣುವ ನಾಳ ನಾಲ್ಕು ಸಲ ಊದಿದ ಮೇಲೆ ಕಾಣುವುದಿಲ್ಲ. ಎರಡು ಸಲ ನೋವು ಬಂದಿದೆ, ಲಿವರ್ ಪರೀಕ್ಷೆಯಲ್ಲೂ ವ್ಯತ್ಯಾಸ ಇದೆ. ಕಲ್ಲು ಜಾರಿ ದೊಡ್ಡ ನಾಳಕ್ಕೆ ಬಿದ್ದರೆ ಕಾಮಣಿ ಆಗಬಹುದು, ಮೇದೋಜೀರಕಕ್ಕೆ ಬಾವು ಬರಬಹುದು. ನೋವಿಲ್ಲದ ಈ ದಿನಗಳಲ್ಲೇ ತಾರೀಖು ಗೊತ್ತು ಮಾಡಿಕೊಳ್ಳಿ. ಒಂದೆರಡು ವಾರ ಹೆಚ್ಚು ಕಡಿಮೆ ಆದರೆ ಪರವಾಗಿಲ್ಲ, ಇಡೀ ಸುಗ್ಗಿ ಕಾಯುವುದು ಬೇಡ. ನಡುವೆ ಕರಿದದ್ದು, ಎಣ್ಣೆ ಜಾಸ್ತಿ ಇರುವುದು ಬಿಡಲಿ. ನೀರು ಜಾಸ್ತಿ ಕುಡಿದರೆ, ಸೊಪ್ಪಿನ ರಸ ಕುಡಿದರೆ ಪಿತ್ತಕೋಶದ ಕಲ್ಲು ಹೊರಗೆ ಹೋಗುವುದಿಲ್ಲ. ಕಿಡ್ನಿ ಕಲ್ಲಿನ ಲೆಕ್ಕವೇ ಬೇರೆ.

ಹೈದರಾಬಾದಿಗೆ ಹೋಗಲೇಬೇಕಾ? ಬರೀ ಈ ರಿಪೋರ್ಟ್‌ಗಾಗಿ ಬೇಕಾಗಿಲ್ಲ. ಕಲಬುರಗಿಯಲ್ಲಿ ಜಿಮ್ಸ್, ಬಸವೇಶ್ವರ ಆಸ್ಪತ್ರೆ, ಇಎಸ್‌ಐ ವೈದ್ಯಕೀಯ ಕಾಲೇಜು ಇವೆ. ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಊರು ಯಾವುದು ಎಂಬುದಕ್ಕಿಂತ ಸರ್ಜನ್ ಯಾರು ಎಂಬುದು ಮುಖ್ಯ. ಪಿತ್ತಕೋಶದ ಆಪರೇಷನ್ ನಿತ್ಯ ಮಾಡುವವರಾ? ಚಿತ್ರಗಳನ್ನು ನೋಡಿದರಾ? ‘ಕಷ್ಟ ಕಂಡರೆ ಏನು ಮಾಡ್ತೀರಿ ಸಾರ್?’ ಎಂದು ಕೇಳಿ. ‘ನಿಲ್ಲಿಸುತ್ತೇನೆ, ಬೇಕಾದರೆ ತೆರೆಯುತ್ತೇನೆ, ಇಲ್ಲವೇ ದೊಡ್ಡ ಕಡೆ ಕಳಿಸುತ್ತೇನೆ’ ಎಂದು ನೇರವಾಗಿ ಹೇಳುವವರನ್ನು ನಂಬಿ. ‘ಏನೂ ಆಗಲ್ಲ, ಅರ್ಧ ಗಂಟೆ ಕೆಲಸ’ ಎಂದು ಪ್ರಶ್ನೆಯನ್ನೇ ತಳ್ಳಿಹಾಕಿದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಚಿತ್ರ ನೋಡಿದ ಮೇಲೆ ಸಿಸ್ಟಿಕ್ ಡಕ್ಟ್ ಆ ಹಿಂಭಾಗದ ನಾಳಕ್ಕೇ ಸೇರಿದೆ ಎಂದು ಕಂಡುಬಂದು ನಿಮ್ಮ ಸರ್ಜನ್ನೇ ಹೈದರಾಬಾದ್ ಅಥವಾ ಬೆಂಗಳೂರಿನ ಲಿವರ್ ಸರ್ಜನ್ ಹೆಸರು ಹೇಳಿದರೆ, ಆಗ ಹೋಗಿ.

ಆಪರೇಷನ್ ಆದ ಮೇಲಿನ ವಾರವನ್ನು ಮನೆಯವರು ಚೆನ್ನಾಗಿ ಗಮನಿಸಬೇಕು. ಹೊಟ್ಟೆಗೆ ಗ್ಯಾಸ್ ತುಂಬಿ ಮಾಡುವುದರಿಂದ ಒಂದೆರಡು ದಿನ ಭುಜ ನೋಯುತ್ತದೆ, ಅದು ಸಹಜ. ಆಮೇಲೆ ದಿನ ದಿನಕ್ಕೆ ಹಗುರ ಆಗುತ್ತಾ ಬರಬೇಕು. ಮೂರನೇ ದಿನದ ನಂತರ ಹೊಟ್ಟೆನೋವು ಜಾಸ್ತಿಯಾದರೆ, ಹೊಟ್ಟೆ ಉಬ್ಬಿದರೆ, ಜ್ವರ ಅಥವಾ ಚಳಿ ಬಂದರೆ, ಊಟ ಸೇರದೆ ವಾಂತಿಯಾದರೆ, ಕಣ್ಣು ಹಳದಿಯಾದರೆ, ಮೂತ್ರ ಕಡುಹಳದಿಯಾಗಿ ಮಲ ಬಿಳಿಚಿದರೆ, ಗಾಯದಿಂದ ಹಳದಿ-ಹಸಿರು ನೀರು ಬಂದರೆ ಅವತ್ತೇ ಆಪರೇಷನ್ ಮಾಡಿದವರ ಬಳಿಗೆ ವಾಪಸ್ ಹೋಗಿ. ಊರಿನಲ್ಲಿ ಒಂದು ಇಂಜೆಕ್ಷನ್ ಹಾಕಿಸಿ ಎರಡು ದಿನ ನೋಡೋಣ ಎಂದು ಕೂರಬೇಡಿ. ಸೋರಿಕೆ ಬೇಗ ಗೊತ್ತಾದರೆ ಬಹುತೇಕ ಡ್ರೇನ್, ಸ್ಟೆಂಟ್‌ನಲ್ಲೇ ಮುಗಿಯುತ್ತದೆ. ತಡವಾದಷ್ಟೂ ಹೊಟ್ಟೆಯೊಳಗೆ ಸೋಂಕು ಹರಡುತ್ತದೆ. ಆಪರೇಷನ್ ಆಗಿ ಮೂರ್ನಾಲ್ಕು ದಿನ ಕಲಬುರಗಿಯಲ್ಲೇ ಬೀಗರ ಮನೆಯಲ್ಲೋ ನೆಂಟರ ಮನೆಯಲ್ಲೋ ಉಳಿಯುವ ಅನುಕೂಲ ಇದ್ದರೆ ಉಳಿಯಿರಿ, ಜೇವರ್ಗಿ ದಾಟಿ ರಾತ್ರಿ ಹೊತ್ತಿನಲ್ಲಿ ಓಡಿ ಬರುವುದು ತಪ್ಪುತ್ತದೆ.

ಒಂದು ವೇಳೆ ದೊಡ್ಡ ನಾಳಕ್ಕೇ ಏಟಾಗಿದ್ದರೆ ಅವಸರದಲ್ಲಿ ಅಲ್ಲೇ ಹೊಲಿಯುವುದು ಬೇಡ. ಡ್ರೇನ್ ಇಟ್ಟು, ಸೋಂಕು ಹತೋಟಿಗೆ ತಂದು, ಕರುಳಿನ ಕುಣಿಕೆಯನ್ನು ನಾಳಕ್ಕೆ ಜೋಡಿಸುವ ಆಪರೇಷನ್‌ನಲ್ಲಿ ಪಳಗಿದ ಲಿವರ್ ಸರ್ಜನ್ ಇರುವ ಆಸ್ಪತ್ರೆಗೆ ಕಳಿಸಬೇಕು. ಮೊದಲ ಸಲದ ದುರಸ್ತಿ ಚೆನ್ನಾಗಿ ಆದವರು ಎಷ್ಟೋ ವರ್ಷ ಆರಾಮಾಗಿರುತ್ತಾರೆ.

ಡಿಸ್ಚಾರ್ಜ್ ಆಗುವಾಗ ಆಪರೇಷನ್ ನೋಟ್‌ನ ಪ್ರತಿ ಕೇಳಿ ಪಡೆಯಿರಿ. ನಾಳ ಯಾವ ಥರ ಕಂಡಿತು, ಎಲ್ಲಿ ಕ್ಲಿಪ್ ಹಾಕಿದರು, ಸಿಸ್ಟಿಕ್ ಡಕ್ಟ್‌ನ ತುಂಡು ಉದ್ದ ಉಳಿದಿದೆಯೇ ಎಂಬುದು ಅದರಲ್ಲಿ ಇರಲಿ. ತೆಗೆದ ಪಿತ್ತಕೋಶದ ಬಯಾಪ್ಸಿ ರಿಪೋರ್ಟ್ ಬಂದ ಮೇಲೆ ಅದನ್ನೂ, ಎಂಆರ್‌ಸಿಪಿ ಸಿಡಿಯನ್ನೂ ಒಂದೇ ಫೈಲ್‌ನಲ್ಲಿ ಇಡಿ. ಅವ್ವ ಒಂದೆರಡು ವಾರ ಹಗುರವಾಗಿ ಉಂಡು, ಆಮೇಲೆ ಎಂದಿನಂತೆ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ತಿನ್ನಬಹುದು. ಪಿತ್ತಕೋಶ ಇಲ್ಲದಿದ್ದರೂ ಲಿವರ್ ಪಿತ್ತರಸ ತಯಾರಿಸುತ್ತದೆ, ಅದು ನೇರವಾಗಿ ಕರುಳಿಗೆ ಹೋಗುತ್ತದೆ. ಭಾರ ಎತ್ತುವ ಹೊಲದ ಕೆಲಸ ಮಾತ್ರ ಡಾಕ್ಟರ್ ಹೇಳುವ ತನಕ ಬೇಡ.